ಮದುವೆ ಮಾಡಿದರೆ ಸರಿಹೋಗುವುದಿಲ್ಲ

"ಮದ್ವೆ ಒಂದು ಮಾಡ್ಬಿಡಿ, ಎಲ್ಲ ಸರಿಹೋಗ್ತದೆ." ನೆಲಮಂಗಲದಿಂದ ಹೊಸಕೋಟೆಯವರೆಗೆ ಈ ಮಾತು ಕೇಳಿಸದ ಜಗುಲಿ ಇಲ್ಲ. ಇಪ್ಪತ್ತೈದು ದಾಟಿದ ಮಗ ಬಿಸಿಲೇರಿದ ಮೇಲೆ ಏಳುತ್ತಾನೆ, ಕುಡಿದ ಲೋಟವನ್ನು ಹಾಸಿಗೆಯ ಪಕ್ಕದಲ್ಲೇ ಬಿಡುತ್ತಾನೆ, ಬೈಕಿನ ಕಂತು ಕಟ್ಟಲು ಅಮ್ಮ ಸಂಘದಲ್ಲಿ ತೆಗೆದ ಸಾಲದ ಮೇಲೆ ಕಣ್ಣಿಡುತ್ತಾನೆ. ಹಿರಿಯರೆಲ್ಲ ಕೂತು ಆಲೋಚಿಸಿ ಅವನಿಗೆ ಸೂಚಿಸುವ ಔಷಧ ಮದುವೆ. ಅವನಿಗಿಂತ ಚಿಕ್ಕವನ ಪಾಲಿಗೆ ಇನ್ನೊಂದು ಮಾತಿದೆ: "ಓದ್ಕೊಳ್ಳೋ ಹುಡುಗ, ಅವನ ಕೈಲಿ ಯಾಕೆ ಕೆಲ್ಸ ಮಾಡಿಸ್ತೀರ? ಟೈಮ್ ಬಂದ್ರೆ ತಾನೇ ಕಲ್ತ್ಕೋತಾನೆ." ಹುಡುಗಿಯ ಪಾಲಿಗೆ ಮೂರನೆಯದು: "ಕಾಗ್ದ ಪತ್ರ ಎಲ್ಲ ನಿಂಗ್ಯಾಕೆ, ಅಪ್ಪ ಅಣ್ಣ ನೋಡ್ಕೋತಾರೆ." ಮೂರೂ ಒಂದೇ ನಂಬಿಕೆಯಿಂದ ಹುಟ್ಟಿದ ಮಾತುಗಳು. ದೊಡ್ಡವರಾಗಿ ಬದುಕುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ, ವಯಸ್ಸಿಗೆ ಮೀಸೆ ಬಂದ ಹಾಗೆ ಅದೂ ತಾನಾಗಿ ಬರುತ್ತದೆ ಎಂಬ ನಂಬಿಕೆ.

ಇದು ಸುಳ್ಳು ಎಂದು ಹೇಳಿ ಸುಮ್ಮನಾಗುವಂತಿಲ್ಲ. ಯಾಕೆಂದರೆ ಈ ಸುಳ್ಳು ಬೇರೆಯವರ ಬೆವರನ್ನು ತಿಂದು ಬದುಕುತ್ತಿದೆ. ಅನ್ನ ಮಾಡಲು ಬಾರದವನ ಮನೆಯಲ್ಲೂ ಹೊತ್ತಿಗೆ ಸರಿಯಾಗಿ ಅನ್ನ ಆಗುತ್ತದೆ. ಪಹಣಿ ಓದಲು ಬಾರದವನ ಜಮೀನೂ ರಿಜಿಸ್ಟರ್ ಆಗುತ್ತದೆ. ಒಬ್ಬ ಕಲಿಯದೆ ಬಿಟ್ಟ ಕೆಲಸ ಎಲ್ಲೂ ಹೋಗುವುದಿಲ್ಲ, ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ. ಮನೆಯೊಳಗೆ ಆ ಹೆಗಲು ತಾಯಿಯದು, ಅಕ್ಕನದು, ಕೊನೆಗೆ ಹೆಂಡತಿಯದು. ಹೊಸಿಲು ದಾಟಿದರೆ ಬ್ರೋಕರಿನದು. ಹೆಂಗಸಿಗೆ ಆ ಕೆಲಸಕ್ಕೆ ಕೂಲಿ ಇಲ್ಲ. ಬ್ರೋಕರ್ ತನ್ನ ಕೂಲಿಯನ್ನು ತಾನೇ ಗೊತ್ತುಮಾಡಿಕೊಳ್ಳುತ್ತಾನೆ. "ತಾನೇ ಕಲ್ತ್ಕೋತಾನೆ" ಎಂದು ನಾವು ನಿಶ್ಚಿಂತರಾಗಿರುವುದು ಇವರಿಬ್ಬರ ಬಲದ ಮೇಲೆ.

ಕೇಂದ್ರದ ಅಂಕಿಅಂಶ ಕಚೇರಿ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಆರು ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ನೂರಕ್ಕೆ 81 ಮಂದಿ ಕೂಲಿಯಿಲ್ಲದ ಮನೆಗೆಲಸ ಮಾಡಿದ್ದರು, ಗಂಡಸರಲ್ಲಿ 26 ಮಂದಿ. ಮಾಡಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಅಂದರೆ ನೂರರಲ್ಲಿ 74 ಗಂಡಸರು ಆ ದಿನ ಮನೆಯಲ್ಲಿ ಒಂದು ಲೋಟವನ್ನೂ ತೊಳೆದಿಡಲಿಲ್ಲ. ಅವರಲ್ಲಿ ಮದುವೆಯಾದವರು ಎಷ್ಟು ಮಂದಿ ಇದ್ದಿರಬೇಕು, ಯೋಚಿಸಿ. ಮದುವೆಯಿಂದ ಸರಿಹೋಗುವುದೇ ನಿಜವಾಗಿದ್ದರೆ ಈ ಅಂಕಿ ಹೀಗೆ ಇರುತ್ತಿರಲಿಲ್ಲ. ಮೂರು ಗಂಟು ಹಾಕಿದ ಕೈಗೆ ಪಾತ್ರೆ ತಿಕ್ಕುವುದು ಬರಲಿಲ್ಲ, ಹಾಕಿಸಿಕೊಂಡವಳ ಕೈಗೆ ಇನ್ನೊಂದು ತಟ್ಟೆ ಬಂತು, ಅಷ್ಟೆ.

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ಕಟ್ಟಿದವರು ತೊಡಕನ್ನು ಚೆನ್ನಾಗಿ ಕಂಡಿದ್ದರು. ನಾವು ಗಾದೆಯ ಒಂದು ಅರ್ಧವನ್ನು ಕೈಬಿಟ್ಟು ಇನ್ನೊಂದನ್ನು ಚಿಕಿತ್ಸೆ ಮಾಡಿಕೊಂಡಿದ್ದೇವೆ. ಇಪ್ಪತ್ತೆರಡರ ಹುಡುಗಿಯ ಕೈಗೆ ಇಪ್ಪತ್ತೆಂಟರ ಮಗುವನ್ನು ಒಪ್ಪಿಸಿ ಅಕ್ಷತೆ ಹಾಕುತ್ತೇವೆ. ಅವನಿಗೆ ಜ್ವರ ಬಂದರೆ ಎಷ್ಟು ಡಿಗ್ರಿ ಎಂದು ನೋಡಬೇಕಾದವಳು ಅವಳು. ಅವನ ತಾಯಿಯ ಬಿ.ಪಿ. ಮಾತ್ರೆ ಯಾವಾಗ ಮುಗಿಯುತ್ತದೆ ಎಂದು ನೆನಪಿಡಬೇಕಾದವಳು ಅವಳು. ಕರೆಂಟ್ ಬಿಲ್ಲಿನ ಕೊನೆಯ ದಿನ, ಮಗುವಿನ ಚುಚ್ಚುಮದ್ದಿನ ದಿನ, ನೆಂಟರ ಮನೆಯ ಮುಯ್ಯಿ, ಎಲ್ಲವೂ ಅವಳ ತಲೆಯಲ್ಲಿರಬೇಕು. ಅವಳು ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದಿರಲಿ, ಗಾರ್ಮೆಂಟ್ಸಿನಲ್ಲಿ ದಿನವಿಡೀ ನಿಂತು ಬಂದಿರಲಿ, ಇದರಲ್ಲಿ ರಿಯಾಯಿತಿ ಇಲ್ಲ. ಇದನ್ನೇ ನಾವು ಮಗ ಸರಿಹೋದ ಎಂದು ಕರೆಯುತ್ತಿದ್ದೇವೆ.

ಇದರಿಂದ ಗಂಡಸು ಗೆದ್ದ ಎಂದೂ ಹೇಳಲಾರೆ. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಯಲ್ಲಿ ಒಂದು ತಿಂಗಳು, ಮಗಳ ಮನೆಯಲ್ಲಿ ಒಂದು ತಿಂಗಳು ಎಂದು ಊಟಕ್ಕಾಗಿ ತಿರುಗುವ ಮುದುಕರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಅವರ ಹೆಸರಿನಲ್ಲಿ ಇನ್ನೂ ನಾಲ್ಕೆಕರೆ ಇದೆ, ಕೈಕಾಲು ಗಟ್ಟಿಯಾಗಿವೆ. ಆದರೆ ಒಲೆ ಹಚ್ಚಿ ಒಂದು ಮುದ್ದೆ ಕಟ್ಟಿಕೊಳ್ಳಲು ಬಾರದು. ಊರಿಗೆಲ್ಲ ನ್ಯಾಯ ಹೇಳಿದ ಮನುಷ್ಯ ಒಂದು ಬಟ್ಟಲು ಸಾರಿಗಾಗಿ ಸೊಸೆಯ ಮುಖಭಾವವನ್ನು ಗಮನಿಸುತ್ತಾ ಕೂರಬೇಕಾಗುತ್ತದೆ. ಆತನ ತಾಯಿ ಆತನನ್ನು ಪ್ರೀತಿಯಿಂದಲೇ ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ, ನಿಜ. ಆ ಪ್ರೀತಿ ಆತನ ಮುಪ್ಪಿನಲ್ಲಿ ಎಷ್ಟು ಕ್ರೂರವಾಯಿತು!

ಹೆಣ್ಣಿನ ಕಡೆಯವರಿಗೂ ನನ್ನದೊಂದು ಮಾತಿದೆ. ವರನ ಮನೆಗೆ ಹೋದಾಗ ಎಷ್ಟು ಎಕರೆ, ಎಷ್ಟು ಸೈಟು, ಕಾರಿದೆಯೇ ಎಂದು ಕೇಳಿ ಬರುತ್ತೀರಿ. ಅವನ ಮೇಲೆ ಎಷ್ಟು ಸಾಲವಿದೆ, ಅದಕ್ಕೆ ಎಷ್ಟು ಬಡ್ಡಿ ಕಟ್ಟುತ್ತಾನೆ, ಮನೆಯಲ್ಲಿ ಯಾರೂ ಇಲ್ಲದ ದಿನ ಏನು ಮಾಡಿಕೊಂಡು ಉಣ್ಣುತ್ತಾನೆ ಎಂದು ಅವನನ್ನೇ ಕೂರಿಸಿ ಕೇಳಿ. ಉತ್ತರ ಬಾರದಿದ್ದರೆ ಎದ್ದು ಬನ್ನಿ. ನಿಮ್ಮ ಮಗಳು ಶಾಲೆ ನಡೆಸಲು ಹೋಗುತ್ತಿಲ್ಲ.

ಕಾನೂನಿನ ಕಡೆಗೆ ಬರುತ್ತೇನೆ. 1875ರ ಪ್ರಾಪ್ತವಯಸ್ಕರ ಕಾಯ್ದೆ ಹದಿನೆಂಟು ತುಂಬಿದವರನ್ನು ದೊಡ್ಡವರೆಂದು ಒಪ್ಪುತ್ತದೆ. 1989ರಲ್ಲಿ ಸಂವಿಧಾನದ 61ನೆಯ ತಿದ್ದುಪಡಿ ಮತದಾನದ ವಯಸ್ಸನ್ನೂ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿತು. ಹದಿನೆಂಟನೆಯ ಹುಟ್ಟುಹಬ್ಬದ ದಿನದಿಂದ ನಿಮ್ಮ ಮಗುವಿನ ಸಹಿ ನ್ಯಾಯಾಲಯದಲ್ಲಿ ನಿಲ್ಲುವ ಸಹಿ. ಸಾಲ ತೆಗೆಯಬಹುದು, ಜಾಮೀನು ನಿಲ್ಲಬಹುದು, ಜಮೀನು ಮಾರಬಹುದು, ಹಕ್ಕು ಬಿಟ್ಟುಕೊಡಬಹುದು. ಕಾನೂನು ಒಂದೇ ದಿನ ಇಷ್ಟನ್ನೂ ಅದರ ಕೈಗಿಡುತ್ತದೆ. ಮನೆ ಅದಕ್ಕೂ ಮೊದಲಿನ ಹದಿನೆಂಟು ವರ್ಷದಲ್ಲಿ ಏನು ಕೊಟ್ಟಿತ್ತು? ಪರೀಕ್ಷೆಯ ಫೀಸು, ಟ್ಯೂಷನ್ನಿನ ಫೀಸು, ಒಂದು ಮೊಬೈಲು.

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಹಾಗೆ ಕಲಿಯದೆ ಉಳಿಯುವುದಕ್ಕೆ ತೆರಬೇಕಾದ ಬೆಲೆ ಬೇರೆ ಕಡೆಗಿಂತ ಬಹಳ ಹೆಚ್ಚು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅದೊಂದಕ್ಕೇ ಸುಮಾರು ನಾಲ್ಕು ಸಾವಿರ ಎಕರೆ ಹೋಯಿತು. ಆಮೇಲೆ ಕೈಗಾರಿಕಾ ಪ್ರದೇಶಗಳು, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ರಿಂಗ್ ರಸ್ತೆ, ಅದರ ಎರಡೂ ಬದಿಗೆ ಬಡಾವಣೆಗಳ ಕಮಾನುಗಳು. 2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಕೂತ ಸಚಿವ ಸಂಪುಟ ಜಿಲ್ಲೆಯ ಹೆಸರನ್ನೇ ಬೆಂಗಳೂರು ಉತ್ತರ ಎಂದು ಬದಲಿಸಲು ತೀರ್ಮಾನಿಸಿತು. ನನ್ನ ಸುತ್ತ ಅವತ್ತು ಕೇಳಿಬಂದ ಪ್ರಶ್ನೆ, ಎಕರೆಗೆ ಇನ್ನೆಷ್ಟು ಏರಬಹುದು ಎಂಬುದು. ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲ ಒಂದು ಸಹಿಯಲ್ಲಿ ಕೋಟಿಯಾಗುವ ಊರು ಇದು. ಆ ಸಹಿ ಹಾಕುವವರಿಗೆ ಆ ಕಾಗದ ಓದಲು ಬರುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಪಹಣಿ ಎಂದರೆ ಒಂದು ಹಾಳೆ. ಕನ್ನಡದಲ್ಲೇ ಇದೆ. ಭೂಮಿ ಯೋಜನೆ ಬಂದ ಮೇಲೆ ಗ್ರಾಮ ಲೆಕ್ಕಿಗರ ಗೀಚಕ್ಷರ ಹೋಗಿ ಅಚ್ಚಿನಲ್ಲೇ ಸಿಗುತ್ತದೆ. 9ನೆಯ ಕಾಲಂನಲ್ಲಿ ಯಾರ ಹೆಸರಿದೆಯೋ ಅವರು ಮಾಲೀಕರು. ಅವರಿಗೆ ಅದು ಹೇಗೆ ಬಂತು ಎಂಬುದು 10ನೆಯದರಲ್ಲಿ. ಯಾವ ಬ್ಯಾಂಕಿನ ಸಾಲ, ಯಾವ ಕೋರ್ಟಿನ ತಡೆ ಎಂಬ ಋಣಗಳು 11ನೆಯದರಲ್ಲಿ. ಉಳುವವರು ಯಾರು, ಏನು ಬೆಳೆ ಎಂಬುದು 12ನೆಯದರಲ್ಲಿ. ಇಷ್ಟನ್ನು ಹದಿನಾಲ್ಕು ವರ್ಷದ ಮಗುವಿಗೆ ಒಂದು ಸಂಜೆಯಲ್ಲಿ ಹೇಳಿಕೊಡಬಹುದು. ಎಸ್ಸೆಸ್ಸೆಲ್ಸಿಯಲ್ಲಿ ತ್ರಿಕೋನಮಿತಿಯ ಲೆಕ್ಕ ಬಿಡಿಸುವ ಮಕ್ಕಳು ನಮ್ಮವರು. ಅವರಿಗೆ ತಮ್ಮ ಮನೆಯ ಅನ್ನದ ಹಾಳೆ ಓದಲು ಬಾರದೆ ಇರುವುದು ದಡ್ಡತನದಿಂದಲ್ಲ. ಯಾರೂ ಅದನ್ನು ಅವರ ಕೈಗೆ ಕೊಟ್ಟಿಲ್ಲ. ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿದ್ದೇವೆ.

ಹಾಗಾಗಿ ಎಷ್ಟೋ ಪಹಣಿಗಳ 9ನೆಯ ಕಾಲಂನಲ್ಲಿ ತೀರಿಕೊಂಡ ತಾತನೇ ಇನ್ನೂ ಮಾಲೀಕ. ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಬೇಕೆಂದು ಮಗನಿಗೆ ಗೊತ್ತಿರಲಿಲ್ಲ, ಮೊಮ್ಮಗನಿಗೆ ಯಾರೂ ಹೇಳಲಿಲ್ಲ. ಕೈಗಾರಿಕೆಗೆಂದು ಜಮೀನು ಸ್ವಾಧೀನ ಮಾಡಿಕೊಳ್ಳುವ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ 1966ರದು. ಅದರ 28ನೆಯ ಕಲಮಿನ ಪ್ರಕಾರ ಮೊದಲು ಒಂದು ಅಧಿಸೂಚನೆ ಹೊರಡುತ್ತದೆ, ಆಮೇಲೆ ಮಾಲೀಕನಿಗೆ ನೋಟಿಸು ಬರುತ್ತದೆ, ಆಕ್ಷೇಪಣೆ ಹೇಳಲು ಮೂವತ್ತು ದಿನ ಸಿಗುತ್ತದೆ. ಆ ನೋಟಿಸು ಸತ್ತವನ ಹೆಸರಿಗೆ ಬಂದರೆ? ಬಂದದ್ದನ್ನು ತೆರೆದು ಓದದೆ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರೆ? ಮೂವತ್ತು ದಿನ ಯಾರಿಗಾಗಿಯೂ ಕಾಯುವುದಿಲ್ಲ. ಕೊನೆಗೆ ಪರಿಹಾರದ ಹಣ ವಾರಸುದಾರರ ಜಗಳದಲ್ಲಿ ಸಿಕ್ಕಿ ಕೋರ್ಟಿಗೆ ಹೋಗಿ ಕೂರುತ್ತದೆ. ಆಗ ಬೆಳ್ಳನೆಯ ಅಂಗಿ ತೊಟ್ಟವನೊಬ್ಬ ಬಂದು ವಂಶವೃಕ್ಷ, ಪೌತಿ, ಪೋಡಿ ಎಲ್ಲ ನಾನು ಮಾಡಿಸಿಕೊಡುತ್ತೇನೆ, ಪರ್ಸೆಂಟೇಜ್ ಮಾತಾಡೋಣ ಎನ್ನುತ್ತಾನೆ. ಅವನು ಮಾಡುವುದೆಲ್ಲ ನಾಡಕಚೇರಿಯ ಕಿಟಕಿಯಲ್ಲಿ ಅರ್ಜಿ ಕೊಟ್ಟು ಆಗುವ ಕೆಲಸ.

ದಲಿತ ಕುಟುಂಬಗಳಿಗೆ ಆದ ನಷ್ಟ ಇದಕ್ಕಿಂತ ದೊಡ್ಡದು. ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪರಿಶಿಷ್ಟರಿಂದ ಅನುಮತಿಯಿಲ್ಲದೆ ಯಾರೂ ಕೊಳ್ಳುವಂತಿಲ್ಲ ಎಂಬ ಪಿಟಿಸಿಎಲ್ ಕಾಯ್ದೆ 1978ರಲ್ಲೇ ಬಂದಿದೆ. ಬಿಳಿ ಹಾಳೆಯ ಮೇಲೆ, ಜಿಪಿಎ ಎಂಬ ಅಧಿಕಾರ ಪತ್ರದ ಮೇಲೆ, ಅಂಥ ಜಮೀನುಗಳು ಕೈ ಬದಲಾಯಿಸುತ್ತಲೇ ಇದ್ದವು. ಜಿಪಿಎ ಮೂಲಕ ಮಾರಾಟ ಮಾಡಿದರೆ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟವಾಗಿ ಹೇಳಿತು. ಕಾಯ್ದೆ ಇದ್ದೂ, ತೀರ್ಪು ಇದ್ದೂ, ಅವು ಇವೆ ಎಂಬ ಅರಿವು ಆ ಮನೆಯ ಯುವಕನಿಗೆ ತಲುಪಲು ದಾರಿ ಇರಲಿಲ್ಲ. ತಿಳಿದಿದ್ದವರು ಕೊಳ್ಳುವವರ ಕಡೆ ಇದ್ದರು.

ಹೆಣ್ಣುಮಕ್ಕಳ ವಿಷಯವನ್ನು ನಾನು ಕೋಪವಿಲ್ಲದೆ ಬರೆಯಲಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ ಎಂದು ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಕೇಂದ್ರ 2005ರಲ್ಲಿ ಇಡೀ ದೇಶಕ್ಕೆ ತಂದಿತು. 2005ಕ್ಕೆ ಮುಂಚೆ ತಂದೆ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಇದರಿಂದ ಏನಾಯಿತು? ಜಮೀನು ಮಾರುವ ದಿನ ಅಕ್ಕತಂಗಿಯರಿಗೆ ಕಾರು ಬರುತ್ತದೆ, ಒಂದು ಸೀರೆ ಬರುತ್ತದೆ. ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿ, ಹೆಬ್ಬೆಟ್ಟು ಒತ್ತಿಸಿ, ಹೋಟೆಲಿನಲ್ಲಿ ಊಟ ಹಾಕಿಸಿ ಮನೆಗೆ ಬಿಟ್ಟು ಬರುತ್ತಾರೆ. ಏನಮ್ಮ, ಓದಿದೀಯಾ ಎಂದು ಕೇಳಿದರೆ "ಅಣ್ಣ ಓದವ್ನೆ" ಎಂದು ತಲೆ ತಗ್ಗಿಸಿದ ಪದವೀಧರೆಯರನ್ನು ನಾನು ನೋಡಿದ್ದೇನೆ. ಪಾಲು ಬಿಟ್ಟುಕೊಡುವುದು ಅವಳ ಇಷ್ಟ, ತವರಿನ ಬಾಂಧವ್ಯಕ್ಕೆ ಅವಳು ಅಷ್ಟು ಬೆಲೆ ಕೊಡಬಹುದು. ಆದರೆ ಏನನ್ನು ಬಿಟ್ಟುಕೊಟ್ಟೆ, ಅದರ ಬೆಲೆ ಎಷ್ಟು ಎಂಬುದೇ ಗೊತ್ತಿಲ್ಲದೆ ಹಾಕಿದ ಸಹಿಯಲ್ಲಿ ಇಷ್ಟದ ಮಾತೆಲ್ಲಿ? "ನಿಂಗ್ಯಾಕೆ ಕಾಗ್ದ ಪತ್ರ" ಎಂದು ಅವಳ ಬಾಲ್ಯದುದ್ದಕ್ಕೂ ಹೇಳಿದ್ದರ ಲಾಭ ಯಾರಿಗಾಯಿತೆಂದು ಆ ದಿನ ಗೊತ್ತಾಗುತ್ತದೆ.

ಪರಿಹಾರದ ದುಡ್ಡು ಬಂದವರ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದೇ. ಕಾರು ತಗೊಂಡರು, ಮೂರಂತಸ್ತು ಕಟ್ಟಿದರು, ಚೀಟಿಗೆ ಹಾಕಿದರು, ಕುಡಿದರು, ಕೊನೆಗೆ ತಮ್ಮ ಹೊಲದ ಮೇಲೆಯೇ ಎದ್ದ ಕಟ್ಟಡಕ್ಕೆ ಸೆಕ್ಯುರಿಟಿಯಾದರು. ಈ ಕಥೆ ಹೇಳುವವರ ದನಿಯಲ್ಲಿ ಒಂದು ತೃಪ್ತಿ ಇರುತ್ತದೆ, ಅದನ್ನು ನಾನು ಸಹಿಸಲಾರೆ. ಜೀವಮಾನವಿಡೀ ಸಾವಿರಗಳಲ್ಲಿ ಬದುಕಿದ ಮನೆಗೆ ಒಂದು ಬೆಳಗ್ಗೆ ಕೋಟಿ ಬಂದಾಗ ಚೆಕ್ಕು ಕೊಟ್ಟವರು ಯಾರಾದರೂ ಒಂದು ಗಂಟೆ ಕೂತು ಠೇವಣಿ ಎಂದರೇನು, ನಾಮಿನಿ ಯಾಕೆ ಬೇಕು, ಬಡ್ಡಿಯಿಂದ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಹೇಳಿಕೊಟ್ಟರೇ? ಭೂಮಿ ಕಿತ್ತುಕೊಳ್ಳುವ ವಿಧಿ ಕಾಯ್ದೆಯಲ್ಲಿ ಹಂತ ಹಂತವಾಗಿ ಬರೆದಿದೆ. ದುಡ್ಡು ಉಳಿಸಿಕೊಳ್ಳುವ ವಿಧಿಯನ್ನು ಯಾರೂ ಬಾಯಿಮಾತಿಗೂ ಹೇಳಲಿಲ್ಲ. ಕಲಿಸದೆ ಬಿಟ್ಟು, ಆಮೇಲೆ ಗೊತ್ತಿಲ್ಲದವನೆಂದು ಹೀಯಾಳಿಸುವುದು ನೀಚತನ.

"ನಮ್ ಕಾಲ್ದಲ್ಲಿ ಯಾರು ಕಲ್ಸಿದ್ರು? ನಾವು ಬೆಳೀಲಿಲ್ವಾ?" ಎಂದು ಹಿರಿಯರು ಕೇಳುತ್ತಾರೆ. ಕಲಿಸಿದರು, ನಿಮಗೆ ಅದು ಪಾಠ ಅನ್ನಿಸಲಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದ ಮಗು ಮಾತು ಕಲಿಯುವುದರ ಜೊತೆಗೆ ಕಡಿದ ಎಳೆ ಕಟ್ಟುವುದನ್ನೂ ಕಲಿಯಿತು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ರೇಷ್ಮೆ ಸಾಕುವ ಮನೆಯ ಮಗುವಿಗೆ ಹುಳು ಪೊರೆ ಬಿಡುವ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಹಣ್ಣಾದ ಹುಳುವನ್ನು ಹೊತ್ತು ಮೀರದೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಎಂದು ಗೊತ್ತಿತ್ತು. ಆ ಕಲಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದಕ್ಕೆ ಆರತಿ ಎತ್ತಲೂ ಸಿದ್ಧನಿಲ್ಲ. ಎಷ್ಟೋ ಮಕ್ಕಳ ಶಾಲೆ ಆ ಮಗ್ಗದ ಸದ್ದಿನಲ್ಲೇ ಮುಳುಗಿಹೋಯಿತು. ಅದಕ್ಕಿಂತ ಮುಖ್ಯ, ಅದು ಅರ್ಧ ಕಲಿಕೆ. ಹುಳು ಸಾಕಿದ ಹೆಣ್ಣುಮಗಳು ಗೂಡು ಮಾರುವ ಮಾರುಕಟ್ಟೆಗೆ ಹೋಗಲಿಲ್ಲ, ಹರಾಜಿನ ದರ ಅವಳ ಕಿವಿಗೆ ಬೀಳಲಿಲ್ಲ. ಮಾರುಕಟ್ಟೆಗೆ ಹೋದ ಗಂಡಸಿಗೆ ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಗೊತ್ತಿರಲಿಲ್ಲ. ಅವಳಿಗೆ ಒಲೆ ಕೊಟ್ಟು ಕಾಗದ ಕೊಡಲಿಲ್ಲ, ಅವನಿಗೆ ಕಾಗದ ಕೊಟ್ಟು ಒಲೆ ಕೊಡಲಿಲ್ಲ. ಎರಡು ಅರ್ಧ ಮನುಷ್ಯರನ್ನು ತಯಾರಿಸಿದ್ದರಿಂದಲೇ ಇಬ್ಬರನ್ನೂ ಕೂಡಿಸಿ ಒಂದು ಪೂರ್ತಿ ಮಾಡಲು ಮದುವೆ ಬೇಕಾಯಿತು. ಮದುವೆಯಿಂದ ಸರಿಹೋಗುತ್ತದೆ ಎಂಬ ಮಾತು ಹುಟ್ಟಿದ್ದು ಅಲ್ಲಿ.

ಆ ಲೆಕ್ಕ ಈಗ ನಡೆಯುವುದಿಲ್ಲ. ದೇವನಹಳ್ಳಿ-ದೊಡ್ಡಬಳ್ಳಾಪುರದ ನಡುವೆ ಎದ್ದಿರುವ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಫೋನು ಜೋಡಿಸುವವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳು. ಊರು ಬಿಟ್ಟು ಬಂದು ಹಾಸ್ಟೆಲ್‌ಗಳಲ್ಲಿ ಇರುವವರು. ನಮ್ಮ ಹುಡುಗರು ಯಲಹಂಕದ ಪಿಜಿಗಳಲ್ಲಿದ್ದಾರೆ. ಇನ್ನೊಂದು ಅರ್ಧ ಬಂದು ಕೂಡಿಕೊಳ್ಳುವವರೆಗೆ ಇವರು ಐದಾರು ವರ್ಷ ಒಂಟಿಯಾಗಿಯೇ ಬಾಳಬೇಕು. ಮೊದಲ ಸಂಬಳದ ಚೀಟಿಯಲ್ಲಿ ಪಿಎಫ್‌ಗೆ ನೂರಕ್ಕೆ 12, ಇಎಸ್‌ಐಗೆ 0.75 ಕಡಿತವಾದದ್ದು ಕಂಡು ಮೋಸವೆಂದು ತಿಳಿಯುವವರಿದ್ದಾರೆ. ಆ ಇಎಸ್‌ಐ ಕಾರ್ಡಿನಿಂದ ಅಪ್ಪ ಅಮ್ಮನಿಗೂ ಚಿಕಿತ್ಸೆ ಕೊಡಿಸಬಹುದೆಂದು ಗೊತ್ತಿಲ್ಲದೆ ಖಾಸಗಿ ಆಸ್ಪತ್ರೆಗೆ ಸಾಲ ಮಾಡುವವರಿದ್ದಾರೆ. ಕೆಲಸ ಬಿಟ್ಟಾಗ ತಮ್ಮದೇ ಪಿಎಫ್ ತೆಗೆಯಲು ಏಜೆಂಟನಿಗೆ ಕಮಿಷನ್ ಕೊಡುವವರಿದ್ದಾರೆ.

ತಿಳಿದವರು ಏನು ಮಾಡಬಲ್ಲರು ಎಂಬುದನ್ನೂ ನಾವು ಕಂಡಿದ್ದೇವೆ. 2016ರಲ್ಲಿ ಕೇಂದ್ರ ಸರ್ಕಾರ ಪಿಎಫ್‌ನ ಮಾಲೀಕರ ಪಾಲನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂದು ನಿಯಮ ಮಾಡಿತು. ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಅವರನ್ನು ಕರೆತಂದ ದೊಡ್ಡ ನಾಯಕರಿರಲಿಲ್ಲ. ಆ ದುಡ್ಡು ಯಾವುದು, ಅದು ಮಗಳ ಫೀಸಿಗೆ, ಮನೆಯ ಭೋಗ್ಯಕ್ಕೆ ಯಾವಾಗ ಬೇಕಾಗುತ್ತದೆ ಎಂಬ ತಿಳಿವಳಿಕೆಯೇ ಅವರನ್ನು ಹೊರಗೆ ತಂದಿತು. ಎರಡೇ ದಿನದಲ್ಲಿ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ತಮ್ಮ ದುಡ್ಡಿನ ಲೆಕ್ಕ ಬಲ್ಲ ಹೆಣ್ಣುಮಕ್ಕಳು ದೆಹಲಿಯನ್ನು ಮಣಿಸಿದರು.

ಈಗ ತಾಯಂದಿರ ಮಾತು. ಅದಕ್ಕೆ ನಾನು ತಲೆಬಾಗಿಯೇ ಉತ್ತರಿಸಬೇಕು. "ನಾನು ಪಟ್ಟ ಪಾಡು ನನ್ನ ಮಗೀಗೆ ಬ್ಯಾಡ. ಅದು ಓದ್ಲಿ" ಎನ್ನುವವಳು ಮಗ್ಗದ ಮುಂದೆ ಸೊಂಟ ಕಳೆದುಕೊಂಡವಳು, ಹೊಲದಲ್ಲಿ ಬೆನ್ನು ಬಗ್ಗಿಸಿದವಳು. ಓದು ಅವಳ ಮನೆಗೆ ಮೊದಲ ಸಲ ಬಂದಿದೆ. ಅದರ ಒಂದು ಗಳಿಗೆಯನ್ನೂ ಕಳೆಯಲು ಅವಳಿಗೆ ಮನಸ್ಸಿಲ್ಲ. ಆದರೆ ತಾಯಿ, ಮಗನ ತಟ್ಟೆಯನ್ನು ನೀನು ತೊಳೆದಾಗ ಆ ಪಾಡು ಇಲ್ಲವಾಗುತ್ತಿಲ್ಲ. ಇನ್ನೂ ಕಂಡಿರದ ನಿನ್ನ ಸೊಸೆಗೆ ಅದನ್ನು ಬರೆದಿಡುತ್ತಿದ್ದೀಯ. ತಟ್ಟೆ ತೊಳೆಯಲು ಎರಡು ನಿಮಿಷ, ಅಕ್ಕಿ ತೊಳೆದು ಕುಕ್ಕರ್ ಇಡಲು ಹತ್ತು ನಿಮಿಷ. ಇಷ್ಟರಿಂದ ಯಾವ ಮಗುವೂ ಸಿಇಟಿಯಲ್ಲಿ ಹಿಂದೆ ಬಿದ್ದಿಲ್ಲ. ಕೈಲಾಸಂ 'ಟೊಳ್ಳುಗಟ್ಟಿ' ನಾಟಕ ಬರೆದು ನೂರು ವರ್ಷ ದಾಟಿತು. ಓದಿನಲ್ಲಿ ಮುಂದಿದ್ದ ಪುಟ್ಟು, ಓದಿನಲ್ಲಿ ಹಿಂದಿದ್ದರೂ ಮನೆಯ ಕಷ್ಟಕ್ಕೆ ಹೆಗಲು ಕೊಡುತ್ತಿದ್ದ ಮಾಧು. ಮನೆಗೆ ಬೆಂಕಿ ಬಿದ್ದಾಗ ಒದಗಿಬಂದವನು ಮಾಧು. ಆ ನಾಟಕಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಬಂದು ನಾವು ಪುಟ್ಟುವನ್ನೇ ಬೆಳೆಸಿದೆವು. ಕೈಲಾಸಂ ಜೊತೆಗೂ ನನ್ನದೊಂದು ತಕರಾರಿದೆ. ಪುಟ್ಟು, ಮಾಧು ಇಬ್ಬರಾಗಿಯೇ ಯಾಕಿರಬೇಕು? ಓದುವ ಹುಡುಗನೂ ಒಲೆ ಹಚ್ಚಬಲ್ಲ.

ಮಕ್ಕಳಿಗೆ ಕೆಲಸ ಹೇಳುವುದು ಬಾಲಕಾರ್ಮಿಕ ಪದ್ಧತಿಯಾಗುವುದಿಲ್ಲವೇ ಎಂಬ ಪ್ರಶ್ನೆಯನ್ನೂ, ಶಾಲೆಯಲ್ಲಿ ಕೆಲಸ ಕಲಿಸಬೇಕೆನ್ನುವವರ ಮೇಲೆ ದಲಿತ ಪೋಷಕರಿಗಿರುವ ಸಂಶಯವನ್ನೂ ನಾನು ತಳ್ಳಿಹಾಕುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ನಮ್ಮ ಹೊಸಕೋಟೆಯ ಪಕ್ಕದ ಮಾಲೂರು ತಾಲ್ಲೂಕಿನ ಯಲವಹಳ್ಳಿಯಲ್ಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಯ ದಲಿತ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ್ದು ಬಯಲಾಯಿತು. ಅದು ಅಪರಾಧ. ಅದಕ್ಕೂ ನಾನು ಹೇಳುತ್ತಿರುವುದಕ್ಕೂ ನಡುವಿನ ಗೆರೆ ಸ್ಪಷ್ಟವಾಗಿರಬೇಕು. ತಾನು ಉಂಡ ತಟ್ಟೆ, ತಾನು ಬಳಸಿದ ಬಚ್ಚಲು, ತಾನು ಕೂತ ಕೋಣೆ, ಇವು ಪ್ರತಿ ಮಗುವಿನ ಪಾಲಿಗೂ ಸರದಿಯಂತೆ ಬರಬೇಕು. ಮೇಷ್ಟರ ಮಗನಿಗೂ ಬರಬೇಕು, ಜಮೀನ್ದಾರನ ಮಗಳಿಗೂ ಬರಬೇಕು. ಕೆಲವು ಮಕ್ಕಳಿಗೆ ಮಾತ್ರ ಹೇಳುವ ಕೆಲಸ ಜಾತಿ, ಶಿಕ್ಷಣವಲ್ಲ. ಶೌಚಾಲಯ ತೊಳೆಯುವುದು ಒಂದು ಜಾತಿಯ ಕೆಲಸವೆಂದು ನಂಬಿರುವ ಸಮಾಜಕ್ಕೆ, ಎಲ್ಲ ಮಕ್ಕಳೂ ತಮ್ಮದನ್ನು ತಾವು ತೊಳೆಯುವ ಅಭ್ಯಾಸಕ್ಕಿಂತ ದೊಡ್ಡ ಪಾಠ ಇನ್ನೊಂದಿರಲಾರದು.

ಎಲ್ಲ ಯೂಟ್ಯೂಬಿನಲ್ಲಿದೆ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ಬಿಸಿಬೇಳೆಬಾತ್ ಮಾಡುವುದು ಇದೆ. ನಿಮ್ಮ ಸರ್ವೆ ನಂಬರಿನ ಋಣಭಾರ ಪತ್ರ ಇಲ್ಲ, ಗೆಳೆಯ ಸಾಲಕ್ಕೆ ಜಾಮೀನು ನಿಲ್ಲು ಎಂದಾಗ ಮುಖ ನೋಡಿ ಆಗುವುದಿಲ್ಲ ಎನ್ನುವ ಧೈರ್ಯ ಇಲ್ಲ. "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿ ದುಡ್ಡು ಕೀಳುವವರೂ ಅದೇ ಮೊಬೈಲಿನಿಂದಲೇ ಬರುತ್ತಾರೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಬೇಕೆಂದು ಎಷ್ಟು ಮನೆಯ ಮಕ್ಕಳಿಗೆ ಗೊತ್ತು?

ಶಾಲೆಯ ಚೀಲವಿಲ್ಲದೆ ಹತ್ತು ದಿನ ಕೈಕೆಲಸ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆಯಿತು. ಅದಕ್ಕೂ ಮೊದಲು 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಯ ಮೂಲಕವೇ ಓದು ಎಂದರು. ಅವು ಬರಲಿ, ಬರದೆ ಇರಲಿ. ದೊಡ್ಡಬಳ್ಳಾಪುರದ ಒಂದು ಪಿಯು ಕಾಲೇಜು ತನ್ನ ಮಕ್ಕಳನ್ನು ಅರ್ಧ ದಿನ ನಾಡಕಚೇರಿಗೆ, ಅರ್ಧ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ, ಇನ್ನೊಂದು ದಿನ ಬ್ಯಾಂಕಿಗೆ ಕರೆದುಕೊಂಡು ಹೋಗಲು ಯಾವ ನೀತಿಯ ಅಪ್ಪಣೆಯೂ ಬೇಕಿಲ್ಲ. ಒಬ್ಬ ಪ್ರಾಂಶುಪಾಲರ ಮನಸ್ಸು ಸಾಕು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ 1777 ಎಕರೆಯ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. ಹೆಂಗಸರು ಮುಂದಿನ ಸಾಲಿನಲ್ಲಿದ್ದರು. ಅಧಿಸೂಚನೆ, ಆಕ್ಷೇಪಣೆ, ಅಂತಿಮ ಆದೇಶ ಎಂಬ ಮಾತುಗಳನ್ನು ಅವರು ಶಾಲೆಯಲ್ಲಿ ಕಲಿತದ್ದಲ್ಲ, ಬಿಸಿಲಲ್ಲಿ ಕೂತು ಕಲಿತದ್ದು. 2025ರ ಜುಲೈ 15ರಂದು ಮುಖ್ಯಮಂತ್ರಿ ಭೂಸ್ವಾಧೀನ ಕೈಬಿಟ್ಟಿದ್ದೇವೆ ಎಂದರು. ತಾವಾಗಿ ಒಪ್ಪಿ ಕೊಡುವವರಿಂದ ಮಾತ್ರ ಜಮೀನು ತೆಗೆದುಕೊಳ್ಳುತ್ತೇವೆ ಎಂದೂ ಹೇಳಿದರು. ಆ ಎರಡನೆಯ ಮಾತನ್ನು ಗಮನಿಸಬೇಕು. ಇನ್ನು ಮುಂದೆ ಕೊಡುವುದೋ ಬಿಡುವುದೋ ಎಂಬುದು ಧರಣಿಯ ಪೆಂಡಾಲಿನಲ್ಲಿ ತೀರ್ಮಾನವಾಗುವುದಿಲ್ಲ, ಒಂದೊಂದು ಮನೆಯೊಳಗೆ ತೀರ್ಮಾನವಾಗುತ್ತದೆ. ಒಪ್ಪಿಗೆ ಪತ್ರ ಹಿಡಿದು ಬರುವವನು ಒಬ್ಬೊಬ್ಬರನ್ನೇ ಕಾಣುತ್ತಾನೆ, ಚಿಕ್ಕವರನ್ನು ಮೊದಲು ಕಾಣುತ್ತಾನೆ.

ಅವನು ಬರುವ ಮುಂಚೆ ಟ್ರಂಕಿನ ಬೀಗ ತೆಗೆಯಿರಿ. ಪಹಣಿಯನ್ನು ಮಗನಿಗೂ ಮಗಳಿಗೂ ಓದಲು ಕೊಡಿ, ಗೊತ್ತಾಗದ ಕಾಲಂ ಇದ್ದರೆ ಮೂವರೂ ಹೋಗಿ ಕೇಳಿಕೊಂಡು ಬನ್ನಿ. ತಾತನ ಹೆಸರೇ ಇನ್ನೂ ಇದ್ದರೆ ಪೌತಿ ಖಾತೆಗೆ ವಂಶವೃಕ್ಷದೊಂದಿಗೆ ಅರ್ಜಿ ಹಾಕಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಅರ್ಜಿ ಬರೆದು ನಾಡಕಚೇರಿಗೆ ಕೊಟ್ಟು ರಸೀದಿ ತರುವ ಕೆಲಸ ಮಗಳದಾಗಲಿ. ಅವಳು ತಿರುಗಿ ಬರುವ ಹೊತ್ತಿಗೆ ಮನೆಯವರಿಗೆಲ್ಲ ಮುದ್ದೆ ಕಟ್ಟಿ ಸಾರು ಇಳಿಸಿಡುವ ಕೆಲಸ ಮಗನದು.